ಹಿತ್ತಲಿನ ಬಟ್ಟೆ ತಂತಿ

ಮರುಳಸಿದ್ದಮ್ಮನ ದಿನ ಬಚ್ಚಲ ಒಲೆಗೆ ಬೆಂಕಿ ಹಾಕುವುದರಿಂದ ಶುರುವಾಗಿ, ಹಿತ್ತಲಿನ ತಂತಿಯಿಂದ ಬಟ್ಟೆ ತೆಗೆದು ಮಡಚುವುದರೊಂದಿಗೆ ಮುಗಿಯುತ್ತದೆ. ನಡುವೆ ರೊಟ್ಟಿ, ಸಗಣಿ, ನೀರು, ಮತ್ತೆ ರೊಟ್ಟಿ. ಅವಳು ಉಜ್ಜಿನಿ ಕಡೆಯ ಹೆಣ್ಣು. ಆ ಊರಿನ ದೇವರ ಹೆಸರನ್ನೇ ಅವಳಿಗೆ ಇಟ್ಟಿದ್ದಾರೆ. ಹದಿನೆಂಟಕ್ಕೆ ಮದುವೆಯಾಗಿ, ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ರಸ್ತೆಯ ಪಕ್ಕದ ಈ ಹೊಲದ ಮನೆಗೆ ಬಂದಳು. ಈಗ ನಲವತ್ತೇಳು. ಇಪ್ಪತ್ತೊಂಬತ್ತು ವರ್ಷ ಗಂಡನ ಬನಿಯನ್ನು ಒಗೆದಿದ್ದಾಳೆ. ಅದು ಯಾವ ಕಲ್ಲಿನ ಮೇಲೆ ಬಡಿಸಿಕೊಳ್ಳುತ್ತದೆ, ಎಲ್ಲಿ ಒಣಗುತ್ತದೆ ಎಂದು ಗಂಡ ಹಾಲೇಶಪ್ಪನನ್ನು ಕೇಳಿದರೆ ಅವನು ಯೋಚನೆ ಮಾಡಬೇಕಾಗುತ್ತದೆ. ಬೆಳಿಗ್ಗೆ ಎದ್ದಾಗ ಗೂಟದ ಮೇಲೆ ಇರುತ್ತದೆ ಎಂಬುದಷ್ಟೇ ಅವನಿಗೆ ಗೊತ್ತು.

ಮನೆಗೆ ಸಿಮೆಂಟ್ ಇಟ್ಟಿಗೆಯ ಗೋಡೆ, ಮರದ ತೊಲೆ, ಮೇಲೆ ತಗಡು. ಹಿತ್ತಲಿನಲ್ಲಿ ಬಚ್ಚಲು, ಒಗೆಯುವ ಕಲ್ಲು, ಕುಡಿಯುವ ನೀರಿನ ಡ್ರಮ್ಮು. ತಗಡಿನ ಅಂಚಿನ ಕಬ್ಬಿಣದ ಪಟ್ಟಿಯಿಂದ ಇಪ್ಪತ್ತು ಹೆಜ್ಜೆ ದೂರದ ಕಲ್ಲುಕಂಬದವರೆಗೆ ಒಂದು ತಂತಿ. ಐದು ವರ್ಷದ ಹಿಂದೆ ಅದನ್ನು ಎಳೆದು ಕಟ್ಟಿದವನು ಹಾಲೇಶಪ್ಪನೇ. ಆಮೇಲೆ ಅದನ್ನು ಮುಟ್ಟುವ ಪ್ರಸಂಗ ಅವನಿಗೆ ಬರಲಿಲ್ಲ.

ಎರಡು ವರ್ಷ ಕಳೆದ ಮೇಲೆ ದೊಡ್ಡ ಲೈನು ಬಂತು. ಗುಡ್ಡದ ಮೇಲೆ ತಿರುಗುವ ಫ್ಯಾನುಗಳ ಕರೆಂಟನ್ನು ಹೊತ್ತೊಯ್ಯುವ ಲೈನು. ಕಬ್ಬಿಣದ ಗೋಪುರಗಳು ಒಂದರ ಹಿಂದೊಂದು ಬಂದು ನಿಂತವು. ಹಿತ್ತಲಿನ ಬೇಲಿಯ ಆಚೆ, ತಗಡಿಗಿಂತ ಬಹಳ ಎತ್ತರದಲ್ಲಿ, ತೋಳುದಪ್ಪದ ತಂತಿಗಳು ಜೋತುಬಿದ್ದವು. ಹಗಲೂ ರಾತ್ರಿ ಜುಂಯ್ ಎಂಬ ಸದ್ದು. ಮೊದಲ ಒಂದು ತಿಂಗಳು ಎಲ್ಲರೂ ತಲೆ ಎತ್ತಿ ನೋಡಿದರು, ಆಮೇಲೆ ಮರೆತರು.

ಆ ಬೇಸಿಗೆಯಲ್ಲೇ ಮರುಳಸಿದ್ದಮ್ಮನ ಬೆರಳಿಗೆ ಮೊದಲ ಸಲ ಹೊಡೆಯಿತು. ಒದ್ದೆ ಸೀರೆಯನ್ನು ತಂತಿಯ ಮೇಲೆ ಎಸೆದು ಹರವಲು ಕೈ ಇಟ್ಟಳು, ಚುರುಕ್ ಎಂದಿತು. ಇರುವೆ ಕಚ್ಚಿದಷ್ಟು. ಕೈ ಕೊಡವಿ ಮತ್ತೆ ಇಟ್ಟಳು, ಮತ್ತೆ ಚುರುಕ್. ಒಂದೊಂದು ದಿನ ಮೊಳಕೈವರೆಗೆ ಜುಮ್ ಎನ್ನುತ್ತಿತ್ತು. ಕಿಟಕಿಯ ಸರಳನ್ನು ಒರೆಸುವಾಗ ಆಗುತ್ತಿರಲಿಲ್ಲ. ತಗಡಿನ ಅಂಚಿಗೆ ಸಿಕ್ಕಿಸಿದ ಮೊರ ತೆಗೆಯುವಾಗ ಆಗುತ್ತಿತ್ತು. ಮಳೆಗಾಲದಲ್ಲಿ ಗೋಡೆಯೆಲ್ಲ ತೋಯ್ದು ಕೂತಾಗ ಅದೂ ಸುಮ್ಮನಾಗುತ್ತಿತ್ತು, ಬಿಸಿಲು ಬಿದ್ದರೆ ಮತ್ತೆ ಶುರು. ಕೊಟ್ಟೂರಿನ ದವಾಖಾನೆಯಲ್ಲಿ ‘ಕೈ ಜುಂ ಅಂತೈತ್ರಿ’ ಎಂದು ಹೇಳಿ ಶಕ್ತಿಯ ಗುಳಿಗೆ ತಂದಳು. ವಯಸ್ಸಾಯಿತು, ನರ ಸೋತಿವೆ ಎಂದುಕೊಂಡಳು. ಮೈಯಲ್ಲಿ ಏನೇ ಆದರೂ ತಪ್ಪು ತನ್ನ ಮೈಯದೇ ಎಂದುಕೊಳ್ಳುವ ಅಭ್ಯಾಸ ಅವಳಿಗೆ ಒಗೆತನದಷ್ಟೇ ಹಳೆಯದು.

ಒಂದೂವರೆ ವರ್ಷದ ಹಿಂದೆ ಮಗ ಬಸವೇಶನಿಗೆ ಹಡಗಲಿ ಕಡೆಯ ಸುಮಲತಾಳನ್ನು ತಂದರು. ಪಿಯುಸಿ ಓದಿದ ಹುಡುಗಿ. ಮಾತಿಗೆ ಮಾತು, ನಗೆಗೆ ನಗೆ. ಒಗೆಯುವ ಕಲ್ಲು, ತಂತಿ, ಮೊರ ಎಲ್ಲ ನಿಧಾನವಾಗಿ ಅವಳ ಕೈಗೆ ಬಂದವು. ಆ ಚುರುಕೂ ಬಂತು. ಆದರೆ ಸುಮಲತಾ ಅತ್ತೆಯಂತೆ ಕೈ ಕೊಡವಿ ಸುಮ್ಮನಾಗುವವಳಲ್ಲ, ಚೀರಿದಳು. ಈ ಬೇಸಿಗೆಯಲ್ಲಿ ಒಮ್ಮೆ ಬುಟ್ಟಿ ಬಟ್ಟೆಯನ್ನು ಕೆಸರಿಗೆ ಬಿಟ್ಟಳು, ಇನ್ನೊಮ್ಮೆ ತುಂಬಿದ ಕೊಡವನ್ನು ಕೈಬಿಟ್ಟಳು. ತಂತಿಯ ಹತ್ತಿರ ಹೋಗಲು ಹಿಂಜರಿಯತೊಡಗಿದಳು.

ಹಾಲೇಶಪ್ಪ ಊರಿನ ವೈರಿಂಗ್ ಗಂಗಾಧರನನ್ನು ಕರೆಸಿದ. ಗಂಗಾಧರ ಮೀಟರ್ ಬೋರ್ಡಿನ ಫ್ಯೂಸ್ ಕಿತ್ತು ಅಂಗೈಯಲ್ಲಿ ಹಿಡಿದುಕೊಂಡು ಹಿತ್ತಲಿಗೆ ಬಂದ. “ಈಗ ಮುಟ್ಟವಾ ತಂಗಿ” ಅಂದ. ಸುಮಲತಾ ಒಗೆಯುವ ಕಲ್ಲಿನ ಮೇಲೆ ನಿಂತು ಬೆರಳು ತಾಗಿಸಿದಳು. ಚೀರಿ ಹಿಂದೆ ಬಿದ್ದಳು.

ಗಂಗಾಧರ ಫ್ಯೂಸನ್ನು ಎಲ್ಲರಿಗೂ ತೋರಿಸಿದ. “ನೋಡ್ರಿ ಹಾಲೇಶಪ್ಪಣ್ಣ, ಇದು ನನ್ನ ಕೈಯಾಗೈತಿ. ಮನ್ಯಾಗ ಕರೆಂಟ್ ಅನ್ನೋದೇ ಇಲ್ಲ. ಇದು ನನ್ನ ಕೆಲಸ ಅಲ್ರಿ, ಪೂಜಾರಿ ಕೆಲಸ.”

ಫ್ಯೂಸ್ ಕಿತ್ತ ಮೇಲೂ ಹೊಡೆಯುತ್ತದೆ ಎಂದರೆ ಅದು ಕರೆಂಟಲ್ಲ. ಕರೆಂಟಲ್ಲ ಎಂದರೆ ದೆವ್ವದ ಸೋಂಕು. ಅರ್ಧ ಗಂಟೆಯಲ್ಲಿ ತೀರ್ಮಾನವಾಯಿತು. ಹಾಲೇಶಪ್ಪನ ತಾಯಿ ನಾಗಲಿಂಗಮ್ಮ, ಎಪ್ಪತ್ತೈದರ ಮುದುಕಿ, ಆ ಮನೆಯಲ್ಲಿ ಮಡಿ ಮೈಲಿಗೆಯ ಕೊನೆಯ ಮಾತು ಅವಳದು. “ಬರೋವಾಗ ಹಳ್ಳ ದಾಟಿ ಬಂದಾಳ, ಅಲ್ಲೇ ತಗಲೈತಿ. ತವರಿಗೆ ಕಳಸ್ರಿ. ಅವರು ಬಿಡಿಸಿಕೊಂಡು ಕಳಸಿದ್ರ ಕಳಸ್ಲಿ” ಎಂದಳು. ಬಸವೇಶ ಮೆಕ್ಕೆಜೋಳ ಒಕ್ಕುವ ಮಷಿನ್ನಿನ ಡ್ರೈವರ್. ‘ಡಾಕ್ಟರಿಗೆ ಒಮ್ಮೆ ತೋರಿಸೋಣ’ ಎಂದು ಒಂದು ಸಲ ಅಂದ, ಆಮೇಲೆ ಹೆಂಡತಿಯ ಮುಖ ನೋಡದೆ ಮಷಿನ್ ಏರಿ ಹೋದ. ಸುಮಲತಾಳ ಅಣ್ಣನಿಗೆ ಫೋನ್ ಹೋಯಿತು. ಅವನು ಶನಿವಾರ ಬರುತ್ತೇನೆಂದ.

ಸೋಂಕಿನ ಹೆಸರು ಹೊತ್ತು ತವರಿಗೆ ಹೋದ ಹೆಣ್ಣು ಹೇಗೆ ವಾಪಸು ಬರುತ್ತಾಳೆ, ಬಂದರೂ ಮುಂದೆ ಅವಳ ಮಾತನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ ಎಂಬುದು ಮರುಳಸಿದ್ದಮ್ಮನಿಗೆ ಗೊತ್ತಿತ್ತು. ಫ್ಯೂಸ್ ಕಿತ್ತ ದಿನ ಅವಳೂ ಅಲ್ಲೇ ಕಂಬದ ಪಕ್ಕ ನಿಂತಿದ್ದಳು. ‘ನನಗೂ ಹೊಡಿತೈತಿ’ ಎಂಬ ಎರಡು ಮಾತು ಬಾಯಿಗೆ ಬಂದಿದ್ದವು. ಬಾಯಿಂದ ಹೊರಗೆ ಬರಲಿಲ್ಲ.

ಬುಧವಾರ ಮಧ್ಯಾಹ್ನ ಹೊಲದಲ್ಲಿ ಕಳೆ ತೆಗೆಯುತ್ತಿದ್ದಾಗ ಸುಂಟರಗಾಳಿ ಎದ್ದಿತು. ಬಟ್ಟೆಗಳೆಲ್ಲ ಹಾರಿಹೋಗುತ್ತವೆಂದು ಮರುಳಸಿದ್ದಮ್ಮ ಓಡಿಬಂದಳು. ಹಿತ್ತಲ ಬಾಗಿಲಲ್ಲಿ ಚಪ್ಪಲಿ ಬಿಡುವುದು ಆ ಮನೆಯ ಕಟ್ಟಳೆ. ಕುಡಿಯುವ ನೀರು, ಬಚ್ಚಲ ಹಂಡೆ ಇರುವ ಜಾಗಕ್ಕೆ ಚಪ್ಪಲಿ ದಾಟುವಂತಿಲ್ಲ. ಗಂಡಸರಿಗೆ ಆ ಕಟ್ಟಳೆಯಿಂದ ತೊಂದರೆಯಿರಲಿಲ್ಲ, ಅವರಿಗೆ ಹಿತ್ತಲಿನಲ್ಲಿ ಕೆಲಸವೇ ಇರಲಿಲ್ಲ. ಆ ದಿನ ಅವಸರದಲ್ಲಿ ಅವಳು ಚಪ್ಪಲಿ ಮರೆತಳು. ರಬ್ಬರ್ ಚಪ್ಪಲಿ ಮೆಟ್ಟಿಕೊಂಡೇ ನುಗ್ಗಿ, ತಂತಿ ಹಿಡಿದು ಸರಸರ ಬಟ್ಟೆ ಎಳೆದಳು. ಏಳನೆಯದೋ ಎಂಟನೆಯದೋ ಬಟ್ಟೆ ತೆಗೆಯುವಾಗ ಥಟ್ಟನೆ ನಿಂತಳು. ತಂತಿ ಸುಮ್ಮನಿತ್ತು.

ಬಟ್ಟೆಯನ್ನು ಬುಟ್ಟಿಗೆ ಹಾಕಿದಳು. ಒಂದು ಚಪ್ಪಲಿ ಬಿಟ್ಟು, ಒಗೆಯುವ ಕಲ್ಲಿನ ಹಸಿ ಜಾಗದಲ್ಲಿ ಕಾಲಿಟ್ಟು ತಂತಿ ಮುಟ್ಟಿದಳು. ಚುರುಕ್! ಮೆಟ್ಟಿಕೊಂಡು ಮುಟ್ಟಿದಳು. ಇಲ್ಲ. ಬಿಟ್ಟಳು. ಚುರುಕ್. ಸಾರಿಗೆ ಉಪ್ಪು ನೋಡುವವಳಂತೆ ಐದಾರು ಸಲ ನೋಡಿದಳು. ಆಮೇಲೆ ತಲೆ ಎತ್ತಿ, ಬೇಲಿಯಾಚೆಯ ಆ ದಪ್ಪ ತಂತಿಗಳನ್ನು ಮೂರು ವರ್ಷದ ನಂತರ ಮೊದಲ ಸಲ ಕಣ್ಣಿಟ್ಟು ನೋಡಿದಳು. ದೆವ್ವ ಚಪ್ಪಲಿಗೆ ಹೆದರುತ್ತದೆ ಎಂದು ಊರಲ್ಲಿ ಹೇಳುವುದುಂಟು. ಆದರೆ ಚಪ್ಪಲಿ ಬಿಟ್ಟ ಕಾಲಿಗೆ ಒಂದು, ಮೆಟ್ಟಿದ ಕಾಲಿಗೆ ಇನ್ನೊಂದು ಎಂದು ಇಷ್ಟು ನಿಯತ್ತಾಗಿ ಲೆಕ್ಕ ಇಡುವ ದೆವ್ವವನ್ನು ಅವಳು ಕಂಡಿರಲಿಲ್ಲ.

ಸುಮಲತಾಳನ್ನು ಕೂಗಿದಳು. ತನ್ನ ಚಪ್ಪಲಿಯನ್ನು ಅವಳ ಕಾಲಿಗೆ ಹಾಕಿದಳು. “ಮುಟ್ಟು.”

“ಒಲ್ಲೆ ಅತ್ತಿ.”

“ಮುಟ್ಟು ಅಂದ್ನೆಲ್ಲ. ನಾ ಅದೀನಿ.”

ಸುಮಲತಾ ಕಣ್ಣುಮುಚ್ಚಿ ಮುಟ್ಟಿದಳು. ಏನೂ ಆಗಲಿಲ್ಲ. ಕಣ್ಣು ಬಿಟ್ಟು ಎರಡೂ ಕೈಯಲ್ಲಿ ಹಿಡಿದಳು. ನಕ್ಕಳು, ಎರಡು ತಿಂಗಳಿಂದ ನಕ್ಕಿರಲಿಲ್ಲ. ಆಮೇಲೆ ನಗು ನಿಂತಿತು. “ಅತ್ತಿ, ನಿಮಗೂ ಹೊಡಿತಿತ್ತಾ?”

“ಹ್ಞೂಂ.”

“ಎಂದಿನಿಂದ?”

“ನೀ ಈ ಮನಿಗೆ ಬರೋದಕ್ಕಿಂತ ಮೊದಲಿಂದ.”

“ಮತ್ತ ಫ್ಯೂಸ್ ಕಿತ್ತ ದಿನ ಯಾಕ ಬಾಯಿ ಬಿಡಲಿಲ್ರಿ?”

ಮರುಳಸಿದ್ದಮ್ಮ ತಂತಿಯ ಮೇಲೆ ಉಳಿದ ಬಟ್ಟೆ ಎಳೆದು ಬುಟ್ಟಿಗೆ ಹಾಕಿದಳು. ಬುಟ್ಟಿ ಎತ್ತಿಕೊಂಡಳು. ಹಿತ್ತಲ ಬಾಗಿಲಲ್ಲಿ ನಾಗಲಿಂಗಮ್ಮ ಕೋಲು ಊರಿ ನಿಂತಿದ್ದಳು.

“ಏನಿದು? ಕುಡಿಯೋ ನೀರಿನ ಜಾಗದಾಗ ಚಪ್ಲಿ? ಸೊಸಿಗೆ ಹಿಡದದ್ದು ನಿನಗೂ ಹಿಡೀತೇನ?”

“ಹೌದತ್ತಿ, ಇಬ್ಬರಿಗೂ ಒಂದೇ ಹಿಡದೈತಿ. ಯಾವುದು ಅಂತ ತಿಳ್ಕೊಂಡು ಬರ್ತೀನಿ ನಾಳೆ” ಎಂದು ಸೊಸೆಯನ್ನು ಚಪ್ಪಲಿ ಬಿಡಗೊಡದೆ ಒಳಗೆ ಕರೆದುಕೊಂಡು ನಡೆದಳು. ಮುದುಕಿ ಕೋಲನ್ನು ನೆಲಕ್ಕೆ ಕುಟ್ಟಿದಳು. ಆ ರಾತ್ರಿ ಉಣ್ಣಲಿಲ್ಲ.

ಲೈನಿನವರ ಕಚೇರಿ ಹಗರಿಬೊಮ್ಮನಹಳ್ಳಿಯಲ್ಲಿತ್ತು. ಗುರುವಾರ ರೊಟ್ಟಿ ಬಡಿದಿಟ್ಟು, ಸುಮಲತಾ ಬರೆದುಕೊಟ್ಟ ಅರ್ಜಿ ಹಿಡಿದು ಬಸ್ಸಿಗೆ ಹೋದಳು. ಅರ್ಜಿ ತೆಗೆದುಕೊಂಡ ಗುಮಾಸ್ತ, “ಯಜಮಾನ್ರ ಸಹಿ ಎಲ್ಲೈತಮ್ಮ?” ಅಂದ. “ಹೊಡೆಸಿಕೊಂಡೋಳ ಸಹಿ ಐತಲ್ಲ” ಅಂದಳು. ನಾಳೆ ಬರುತ್ತಾರೆ ಹೋಗಿ ಎಂದರು. ಶುಕ್ರವಾರ ಹತ್ತು ಗಂಟೆಯವರೆಗೂ ಯಾರೂ ಬರಲಿಲ್ಲ. ಮರುದಿನ ಶನಿವಾರ. ಮರುಳಸಿದ್ದಮ್ಮ ಮತ್ತೆ ಬಸ್ಸು ಹತ್ತಿದಳು. ಕಚೇರಿಯ ಎದುರು ನಿಂತಿದ್ದ ಜೀಪಿನ ಮುಂದೆ, ನೆರಳು ನೋಡಿಕೊಂಡು ಕೂತಳು.

ಎಂಜಿನಿಯರ್ ಸೋಮಶೇಖರ್ ಹೊರಬಂದ. “ಹೀಗೆಲ್ಲ ಕೂತರೆ ಹೇಗಮ್ಮಾ? ಮನೆಗೆ ಹೋಗಿ, ಸೋಮವಾರ ಬರ್ತೀವಿ.”

“ಸೋಮವಾರ ಬಂದು ಏನು ನೋಡ್ತೀರಿ? ನಾಳೆ ನನ್ನ ಸೊಸಿನ್ನ ಸೋಂಕು ತಗಲೈತಿ ಅಂತ ಕಳಸಾಕತ್ಯಾರ. ನೀವು ಹೊರಡತನ ಇಲ್ಲೇ ಕುಂದರ್ತೀನ್ರಿ. ನನಗೇನು ತೊಂದ್ರಿ ಇಲ್ಲ. ಮನಿಗೆ ಹೋದ್ರ ಅಡಗಿ ಮಾಡಬೇಕು, ಇಲ್ಲಿ ಕುಂತ್ರ ಅದೂ ಇಲ್ಲ.”

ಜೀಪಿನ ಬಾನೆಟ್ಟಿಗೆ ಒರಗಿದ್ದ ಲೈನ್‌ಮನ್ ಹುಲುಗಣ್ಣ ಮುಖ ತಿರುಗಿಸಿ ನಕ್ಕ. ಊಟದ ಹೊತ್ತಿಗೆ ಜೀಪು ಹೊರಟಿತು, ಹಿಂದಿನ ಸೀಟಿನಲ್ಲಿ ಮರುಳಸಿದ್ದಮ್ಮ.

ಸೋಮಶೇಖರನ ಕಾಲಲ್ಲಿ ಮೊಣಕಾಲಿನ ಹತ್ತಿರದವರೆಗೆ ಬರುವ ರಬ್ಬರ್ ಅಡಿಯ ಬೂಟು. ಹಿತ್ತಲಿಗೆ ಬಂದು ತಂತಿಯನ್ನು ಬೆರಳ ಹಿಂಬದಿಯಿಂದ ತಟ್ಟಿದ. ತಗಡಿಗೆ ಟೆಸ್ಟರ್ ಹಿಡಿದ. ನೆತ್ತಿಯ ಮೇಲಿನ ಬಿಸಿಲಲ್ಲಿ ಟೆಸ್ಟರಿನ ಪುಟ್ಟ ದೀಪ ಹತ್ತಿದೆಯೋ ಇಲ್ಲವೋ ಯಾರಿಗೆ ಕಾಣಬೇಕು? ಕಾಗದ ತೆಗೆದು, “ಯಜಮಾನರು ಯಾರು?” ಎಂದ. ಹಾಲೇಶಪ್ಪ ಟವೆಲ್ಲು ಹೆಗಲಿಗೆ ಸರಿಮಾಡಿಕೊಂಡು ಮುಂದೆ ಬಂದ.

“ನಿಮಗೆ ಯಾವತ್ತಾದರೂ ಶಾಕ್ ಆಗಿದೆಯೇನ್ರಿ?”

“ಇಲ್ರಿ ಸಾರ್. ನನಗ ಏನೂ ಆಗಿಲ್ಲ. ನಮ್ಮ ಮಗನಿಗೂ ಆಗಿಲ್ಲ. ಹೆಣ್ಣುಮಕ್ಕಳು ಅಷ್ಟ ಹಂಗ ಅಂತಾರ.”

ಸೋಮಶೇಖರ್ ಬರೆಯತೊಡಗಿದ. ಮಾವನ ಹಿಂದೆ ನಿಂತಿದ್ದ ಸುಮಲತಾ ಕತ್ತು ಚಾಚಿ ಓದಿದಳು, ಗಟ್ಟಿಯಾಗಿ: “‘ಮನೆಯ ಯಜಮಾನರಿಗೆ ಯಾವುದೇ ತೊಂದರೆ ಕಂಡುಬಂದಿಲ್ಲ.’ ಅತ್ತಿ, ಹಂಗ ಬರೀತಾರ್ರಿ.”

“ಸಾಹೇಬ್ರ, ಪೆನ್ನು ನಿಲ್ಲಸ್ರಿ” ಎಂದಳು ಮರುಳಸಿದ್ದಮ್ಮ. “ಕೊನಿಗೆ ಆ ತಂತಿ ಮುಟ್ಟಿದ್ದು ಯಾವಾಗ ಅಂತ ಕೇಳ್ರಿ ಅವರನ್ನ.”

ಹಾಲೇಶಪ್ಪ ತಂತಿಯನ್ನು ನೋಡಿದ, ಆಕಾಶ ನೋಡಿದ. “ನಾನ ಕಟ್ಟೀನಲ್ಲ ಅದನ್ನ.”

“ಕಟ್ಟಿದ ಮ್ಯಾಲ?”

ಸುಳ್ಳು ಹೇಳುವಷ್ಟು ಚುರುಕು ಅವನಿಗೆ ಇರಲಿಲ್ಲ. “ಮುಟ್ಟೋ ಪ್ರಸಂಗ ಬಂದಿಲ್ಲ ಬಿಡು.”

“ಲೈನು ಬಂದು ಮೂರು ವರ್ಷ. ಈ ಮನಿ ಗಂಡಸರು ಮೂರು ವರ್ಷ ಈ ತಂತಿ ಮುಟ್ಟಿಲ್ಲ. ಅದಕ್ಕ ಅವರಿಗೆ ತೊಂದ್ರಿ ಕಂಡುಬಂದಿಲ್ಲ. ಹಂಗ ಬರೀರಿ.”

ಸೋಮಶೇಖರನಿಗೆ ಸ್ವಲ್ಪ ಕೋಪ ಬಂತು. “ನಾನೂ ಮುಟ್ಟಿ ನೋಡಿದೆನಲ್ಲಮ್ಮ.”

“ಬೂಟು ಹಾಕ್ಕೊಂಡು ಮುಟ್ಟೀರಿ. ನಾವು ಬಟ್ಟಿ ಒಗೆಯೋದು ಬೂಟು ಹಾಕ್ಕೊಂಡಲ್ಲ.”

“ಹಾಗಾದರೆ ನೀವೂ ಚಪ್ಪಲಿ ಹಾಕ್ಕೊಳ್ಳಿ. ಮುಗೀತಲ್ಲ, ಇದಕ್ಕೆ ಅರ್ಜಿ ಯಾಕೆ?”

“ನಾ ಹಾಕ್ಕೊಂಡ್ರ ನನಗ ಹೊಡಿಯಂಗಿಲ್ಲ. ತಂತಿಯಾಗಿಂದು ಎಲ್ಲಿಗೆ ಹೋಗ್ತೈತಿ? ನಾಳೆ ಮಗ್ಗಲ ಮನಿ ಕೂಸು ಬಂದು ಹಿಡೀತೈತಿ. ಅದಕ್ಕೂ ಬೂಟು ಹೊಲಸ್ತೀರೇನು?” ಎಂದವಳೇ ಒಳಗೆ ಹೋಗಿ ಮೀಟರ್ ಬೋರ್ಡಿನ ಫ್ಯೂಸ್ ಕಿತ್ತು ತಂದು ಎಂಜಿನಿಯರನ ಕೈಗೆ ಕೊಟ್ಟಳು. “ಹಿಡೀರಿ ಇದನ್ನ. ಮನಿ ಕರೆಂಟು ನಿಮ್ಮ ಮುಷ್ಟಿಯಾಗೈತಿ.” ಬೆಳಿಗ್ಗೆಯಿಂದ ಕಾದಿಟ್ಟಂತಿದ್ದ ಒದ್ದೆ ಬಟ್ಟೆಯ ಬುಟ್ಟಿಯನ್ನು ಗಂಡನ ಕಾಲ ಬಳಿ ತಂದಿಟ್ಟಳು. “ಯಜಮಾನ್ರ ಮಾತಿಗೇ ಬೆಲಿ ಅಲ್ರಿ? ಯಜಮಾನ್ರೇ ಒಣಹಾಕಲಿ. ಚಪ್ಲಿ ಬಿಡ್ರಿ. ಅತ್ತಿ ಬೈತಾರ, ಇದು ಕುಡಿಯೋ ನೀರಿನ ಜಾಗ.”

ಹಾಲೇಶಪ್ಪ ಸುತ್ತ ನೋಡಿದ. ಎಂಜಿನಿಯರ್ ನೋಡುತ್ತಿದ್ದ, ಹುಲುಗಣ್ಣ ನೋಡುತ್ತಿದ್ದ, ಬಾಗಿಲಲ್ಲಿ ತಾಯಿ ನೋಡುತ್ತಿದ್ದಳು. ಹೆಂಗಸರ ಭ್ರಮೆ ಎಂದು ಎಲ್ಲರೆದುರು ಹೇಳಿದ ಮೇಲೆ ಹಿಂದೆ ಸರಿಯಲು ದಾರಿ ಇರಲಿಲ್ಲ. ಚಪ್ಪಲಿ ಬಿಟ್ಟ. ಬುಟ್ಟಿಯಿಂದ ತನ್ನದೇ ಲುಂಗಿ ಎತ್ತಿದ. ಹೇಗೆ ಹಿಡಿಯುವುದೆಂದು ತಿಳಿಯದೆ ಉದ್ದವನ್ನು ಅಡ್ಡ ಮಾಡಿದ, ಅಡ್ಡವನ್ನು ಉದ್ದ ಮಾಡಿದ. ನೀರು ಸೋರಿ ಕಾಲೆಲ್ಲ ತೋಯ್ದಿತು.

“ಹಿಂಡಬೇಕ್ರಿ ಮೊದಲು” ಎಂದಳು ಸುಮಲತಾ.

ಒಗೆಯುವ ಕಲ್ಲಿನ ಮೇಲೆ ನಿಂತು ಲುಂಗಿ ಎಸೆದ. ಹರವಲು ತಂತಿಯನ್ನು ಹಿಡಿದ.

“ಯಪ್ಪಾ!”

ಲುಂಗಿ ಕೆಸರಿಗೆ, ಟವೆಲ್ಲು ಡ್ರಮ್ಮಿನ ಮೇಲೆ, ಹಾಲೇಶಪ್ಪ ಎರಡು ಹೆಜ್ಜೆ ಹಿಂದೆ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಅದು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದ. ಮೇಲೆ ಲೈನು ಜುಂಯ್ ಎನ್ನುತ್ತಿತ್ತು.

ಮರುಳಸಿದ್ದಮ್ಮ ಬಾಗಿಲಿನ ಕಡೆ ತಿರುಗಿದಳು. “ಅತ್ತಿ, ನಿಮ್ಮ ಮಗನಿಗೂ ತಗಲೈತಿ. ಇವರನ್ನ ಯಾವ ತವರಿಗೆ ಕಳಸೋಣ?”

ಹುಲುಗಣ್ಣ ಈ ಸಲ ಮುಖ ತಿರುಗಿಸದೆಯೇ ನಕ್ಕ. ನಾಗಲಿಂಗಮ್ಮ ನಗಲಿಲ್ಲ. ಮಗನ ಕೈಯನ್ನೂ ತಂತಿಯನ್ನೂ ನೋಡಿದಳು, ಆಮೇಲೆ ಸುಮಲತಾಳನ್ನು ಬಹಳ ಹೊತ್ತು ನೋಡಿದಳು. ಕೋಲೂರಿಕೊಂಡು ಒಳಗೆ ಹೋದಳು.

ಸೋಮಶೇಖರ್ ಫ್ಯೂಸನ್ನು ಜೇಬಿಗೆ ಹಾಕಿ ತಂತಿಯ ಕೆಳಗೆ ನಿಂತ. ಕೋಪ ಇಳಿದಿತ್ತು. “ಆ ಲೈನನ್ನು ಏನೂ ಮುಟ್ಟಬೇಕಿಲ್ಲಮ್ಮ. ಹತ್ತಿರ ಇದ್ದರೆ ಸಾಕು, ಕೆಳಗಿನ ಕಬ್ಬಿಣಕ್ಕೂ ತಗಡಿಗೂ ತಾನಾಗೇ ವೋಲ್ಟೇಜ್ ಬರುತ್ತೆ. ನಿಮ್ಮ ತಗಡು ಮರದ ತೊಲೆ ಮೇಲೆ ಕೂತಿದೆ, ತಂತಿ ಒಣಕಲ್ಲಿಗೆ ಕಟ್ಟಿದೆ. ನೆಲಕ್ಕೆ ಇಳಿಯೋಕೆ ಅದಕ್ಕೆ ದಾರಿ ಇಲ್ಲ. ಒದ್ದೆ ಕಾಲಲ್ಲಿ ಯಾರು ಮುಟ್ಟಿದರೆ ಅವರೇ ದಾರಿ. ಜೀವ ತೆಗೆಯೋ ಅಷ್ಟು ಇಲ್ಲ. ಆದರೆ ಬಿಡುವಂಥದ್ದೂ ಅಲ್ಲ. ಅರ್ಥಿಂಗ್ ಮಾಡಿಸಬೇಕು, ಅಂದರೆ ಅದಕ್ಕೆ ನೆಲಕ್ಕಿಳಿಯೋ ದಾರಿ.”

“ಅಂದ್ರ ಮೂರು ವರ್ಷ ಈ ಮನಿಗೆ ಅರ್ಥಿಂಗ್ ನಾವ” ಎಂದಳು ಮರುಳಸಿದ್ದಮ್ಮ. ಎಂಜಿನಿಯರ್ ಹೊಸ ಹಾಳೆ ತೆಗೆದ.

ಆ ಹಾಳೆಯ ವಿಷಯದಲ್ಲಿ ಅವಳು ಬಿಡಲಿಲ್ಲ. “ಬರದದ್ದನ್ನ ಸುಮಲತಾ ಓದ್ತಾಳ, ಆಮ್ಯಾಲ ಸಹಿ.” ‘ಮನೆಯವರ ಕೋರಿಕೆಯ ಮೇರೆಗೆ’ ಎಂದಿದ್ದುದನ್ನು ಸುಮಲತಾ ಹೊಡೆದುಹಾಕಿಸಿದಳು. ಮರುಳಸಿದ್ದಮ್ಮ ಮತ್ತು ಸುಮಲತಾ ಎಂಬ ಹೆಸರು, ಮೂರು ವರ್ಷ ಮತ್ತು ಒಂದೂವರೆ ವರ್ಷ ಎಂಬ ಅವಧಿ, ಮನೆಯ ವೈರಿಂಗಿನಿಂದ ಅಲ್ಲ, ಲೈನಿನಿಂದ ಎಂಬ ಕಾರಣ, ಮೂರೂ ಕಾಗದಕ್ಕೆ ಬಂದವು. ಅದರ ಕೆಳಗೆ ಎಂಜಿನಿಯರನ ಸಹಿ, ಮೊಹರು.

ಶನಿವಾರ ಬೆಳಿಗ್ಗೆ ಹುಲುಗಣ್ಣ ಇನ್ನೊಬ್ಬನನ್ನು ಕರೆದುಕೊಂಡು ಬಂದ. ಕಲ್ಲುಕಂಬದ ಪಕ್ಕ ಆಳು ಎತ್ತರದ ಗುಂಡಿ ತೋಡಿ, ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಇದ್ದಿಲು ಉಪ್ಪು ತುಂಬಿ, ತಗಡಿನಿಂದಲೂ ಬಟ್ಟೆ ತಂತಿಯಿಂದಲೂ ದಪ್ಪ ವೈರು ಎಳೆದು ಪೈಪಿಗೆ ಬಿಗಿದ. ಅದು ಮುಗಿಯುವ ಹೊತ್ತಿಗೆ ಸುಮಲತಾಳ ಅಣ್ಣ ಪ್ರವೀಣಕುಮಾರ್ ಬೈಕ್ ನಿಲ್ಲಿಸಿದ. ತಂಗಿಯ ಬಟ್ಟೆಯ ಗಂಟು ಬಾಗಿಲ ಬಳಿ ಸಿದ್ಧವಿರುತ್ತದೆ ಎಂದುಕೊಂಡಿದ್ದ. ಗಂಟು ಇರಲಿಲ್ಲ. ಸುಮಲತಾ ಕಾಗದ ತಂದು ಅವನ ಕೈಗಿಟ್ಟಳು. ಅವನು ಎರಡು ಸಲ ಓದಿದ. “ಮತ್ತ ಫೋನಿನಾಗ ಸೋಂಕು ಅಂದ್ರಲ್ಲ?” ಎಂದು ಬಸವೇಶನ ಕಡೆ ನೋಡಿದ. ಬಸವೇಶ ಆ ದಿನ ಮಷಿನ್ ಏರಿ ಹೋಗಿರಲಿಲ್ಲ. ಹೋಗಿದ್ದರೆ ಚೆನ್ನಾಗಿತ್ತು ಎಂಬಂತೆ ನಿಂತಿದ್ದ.

“ಹಂಗಾರ ಬರಂಗಿಲ್ಲೇನವ್ವ?” ಎಂದ ಅಣ್ಣ.

“ಯಾಕ ಬರಂಗಿಲ್ಲ? ಬರ್ತೀನಿ. ನಾಲ್ಕು ದಿನ ಇದ್ದು ಬರ್ತೀನಿ, ನನಗ ಬರಬೇಕು ಅನಿಸೈತಿ ಅದಕ್ಕ. ಈ ಅಮಾಸಿ ಮುಗೀಲಿ. ನಾ ಫೋನ್ ಮಾಡಿದಾಗ ಬಾ. ಈಗ ಕೈ ತೊಳಕೊಂಡು ಉಣ್ಣು.”

ಊಟಕ್ಕೆ ಎಲ್ಲರೂ ಜಗಲಿಯಲ್ಲಿ ಕೂತರು. ನಾಗಲಿಂಗಮ್ಮ ಬುಧವಾರದಿಂದ ಸೊಸೆಯೊಂದಿಗೆ ಮಾತು ಬಿಟ್ಟಿದ್ದಳು. ರೊಟ್ಟಿ ಬಡಿಸಲು ಬಂದ ಮರುಳಸಿದ್ದಮ್ಮನ ಕೈಯನ್ನು ಹಿಡಿದು, ಬೆರಳುಗಳನ್ನು ಬಿಡಿಸಿ ನೋಡಿದಳು. “ಮೂರು ವರ್ಷ ಹೇಳಲಿಲ್ಲಲ್ಲೇ ನೀನು.”

“ಹೇಳಿದ್ರ ನನ್ನೂ ಹಳ್ಳ ದಾಟಿಸಿ ತವರಿಗೆ ಕಳಸ್ತಿದ್ರಿ.”

ಮುದುಕಿ ಕೈ ಬಿಟ್ಟಳು. ಒಂದು ತುತ್ತು ಉಂಡು, ಯಾರ ಕಡೆಗೂ ನೋಡದೆ, “ಅದು ರಬ್ಬರ್ ಚಪ್ಲಿ, ನನ್ನ ಕಾಲಿನ ಅಳತಿದು ಸಿಗ್ತೈತೇನು?” ಎಂದಳು.

ಹೊರಡುವ ಮುಂಚೆ ಹುಲುಗಣ್ಣ ಸುಮಲತಾಳನ್ನು ಗುಂಡಿಯ ಹತ್ತಿರ ಕರೆದ. “ನೋಡು ತಂಗಿ, ಈ ಕಡೆ ನೆಲ ಒಣಾ. ಬ್ಯಾಸಿಗ್ಯಾಗ ಗುಂಡಿ ಒಣಗಿದ್ರ ಅರ್ಥಿಂಗ್ ಕೆಲಸ ಮಾಡಂಗಿಲ್ಲ. ದಿನಾ ಎರಡು ಕೊಡ ನೀರು ಹಾಕಬೇಕು. ಮರೀಬ್ಯಾಡ.”

ಎರಡು ಕೊಡ. ಬೋರಿನ ಸಿಂಟೆಕ್ಸ್ ಟ್ಯಾಂಕಿನಿಂದ ಹಿತ್ತಲಿಗೆ ಅರವತ್ತು ಹೆಜ್ಜೆ. ಈಗಾಗಲೇ ದಿನಕ್ಕೆ ಇಪ್ಪತ್ತೆರಡು ಕೊಡ ಹೊರುವ ಸೊಂಟಗಳ ಮೇಲೆ ಇನ್ನೆರಡು. ಮನೆಯನ್ನು ಹೊಡೆತದಿಂದ ಕಾಯುವ ಕೆಲಸ ಒಂದು ಮಾತಿನಲ್ಲಿ, ಬಹಳ ಪ್ರೀತಿಯಿಂದ, ಮತ್ತೆ ಹೊಡೆಸಿಕೊಂಡವಳ ಹೆಗಲಿಗೆ ಬಂದು ಕೂರುತ್ತಿತ್ತು. ಸುಮಲತಾ ಹೂಂ ಎನ್ನಲು ಬಾಯಿ ತೆರೆದಳು.

“ಹುಲುಗಣ್ಣ, ಆಕಿಗೆ ಹೇಳಬ್ಯಾಡಪ್ಪ” ಎಂದಳು ಮರುಳಸಿದ್ದಮ್ಮ. “ಅಗೋ ಅಲ್ಲಿ ಜಗಲಿ ಮ್ಯಾಲ ಅಪ್ಪ ಮಗ ಕುಂತಾರಲ್ಲ, ಅವರಿಗೆ ಹೋಗಿ ಹೇಳು. ದಿನಾ ಎರಡು ಕೊಡ. ಒಬ್ಬರಿಗೆ ಒಂದು.”

ಈಗ ದಿನವೂ ಏಳು ಗಂಟೆಗೆ, ಚಹಾ ಕುಡಿಯುವ ಮುಂಚೆ, ಹಾಲೇಶಪ್ಪ ಕೊಡ ಹೊತ್ತು ಹಿತ್ತಲಿಗೆ ಬರುತ್ತಾನೆ. ಅರ್ಧ ನೀರು ದಾರಿಯಲ್ಲೇ ತುಳುಕುತ್ತದೆ, ಮರುಳಸಿದ್ದಮ್ಮ ನೋಡಿ ತನ್ನ ಕೆಲಸಕ್ಕೆ ತಿರುಗುತ್ತಾಳೆ. ಬಸವೇಶ ತನ್ನ ಕೊಡವನ್ನು ಬೈಕಿನ ಮೇಲೆ ತರುತ್ತಾನೆ. ತಂತಿ ಈಗ ಬರೀ ತಂತಿ. ಆದರೂ ಹಿತ್ತಲ ಬಾಗಿಲ ಒಳಗೆ ಮೂರು ಜೋಡಿ ರಬ್ಬರ್ ಚಪ್ಪಲಿ ಇರುತ್ತವೆ, ಒಂದು ಜೋಡಿ ಪುಟ್ಟದು, ಮುದುಕಿಯದು. ಒಗೆಯುವ ಕಲ್ಲಿನ ಹತ್ತಿರ ಹೆಂಗಸರು ಬರಿಗಾಲಲ್ಲಿ ನಿಲ್ಲುವ ಕಟ್ಟಳೆ ಆ ಮನೆಯಲ್ಲಿ ಮುಗಿದಿದೆ.

ಕಳೆದ ವಾರ ಎರಡು ದಿನ ಅಪ್ಪ ಮಗ ನೀರು ಮರೆತರು. ಮೂರನೆಯ ದಿನ ಬೆಳಿಗ್ಗೆ ಚಹಾ ಬರಲಿಲ್ಲ. ಹಾಲೇಶಪ್ಪ ಕಾದು ಕಾದು ಜಗಲಿಯಿಂದ ಒಳಗೆ ಇಣುಕಿದ. ಒಗೆದು ಹಿಂಡಿದ ಬಟ್ಟೆಯ ಬುಟ್ಟಿಯನ್ನು ಮರುಳಸಿದ್ದಮ್ಮ ಅವನ ಎದುರಿಗೆ ತಂದಿಟ್ಟಳು.

“ನೀರು ಹಾಕದ ದಿನ ಒಣಹಾಕೋದೂ ನಿಮ್ಮದ” ಎಂದಳು. “ಚಪ್ಲಿ ಬಿಟ್ಟು ಹೋಗ್ರಿ.”

ಹಾಲೇಶಪ್ಪ ಬುಟ್ಟಿಯನ್ನು ನೋಡಿದ. ಆಮೇಲೆ ಎದ್ದು ಕೊಡ ಹುಡುಕತೊಡಗಿದ.